ಎಸಿ ಕೂಡಿಸುವವನ ಜೀವ, ಎಸಿ ಕೆಳಗೆ ಮಲಗುವವರ ಜೀವ

(ಕಳೆದ ಭಾನುವಾರ ಅಕ್ಕಲಕೋಟೆ ತಾಲೂಕಿನ ನಮ್ಮ ಹುಡುಗರ ಕೂಟದಲ್ಲಿ ಆಡಿದ ಮಾತು. ಬೇರೆ ತಾಲೂಕಿನವರೂ ಓದಲಿ, ಬರೆದು ಹಾಕ್ರಿ ಅಂದ್ರು. ಆಡಿದ ಹಾಗೇ ಹಾಕಿದ್ದೇವೆ.)



ನಾವು ಬ್ಯಾಂಕಿನ ಕೌಂಟರ್ ಹಿಂದೆ ಕೂಡುವವರು. ಓದಿದ್ದು ಕಾಮರ್ಸು. ಡೆಬಿಟ್ಟು ಕ್ರೆಡಿಟ್ಟು ಬಿಟ್ಟು ಎಸಿ ಬಗ್ಗೆ ಯಾಕೆ ಮಾತಾಡ್ತಾರೆ ಇವರು ಅಂತ ನಿಮಗೆ ಅನಿಸಬಹುದು. ಹೇಳ್ತೇವೆ. ಮಾರ್ಚ್ ಕೊನೆ ಬಂತು ಅಂದ್ರೆ ನಮ್ಮ ಕಡೆ ಜನರ ಪಾಸ್‌ಬುಕ್ಕಿನಲ್ಲಿ ಒಂದು ಹೊಸ ಸಾಲು ಕಾಣಿಸಿಕೊಳ್ಳುತ್ತದೆ: ಎಸಿಯ ಕಂತು. ಹತ್ತು ವರ್ಷದ ಹಿಂದೆ ಡಾಕ್ಟರ ಮನೆ, ವಕೀಲರ ಮನೆ ಅಷ್ಟೇ. ಈಗ ಮಾಸ್ತರರ ಮನೆ, ಕಿರಾಣಿ ಅಂಗಡಿಯವರ ಮನೆ, ವಯಸ್ಸಾದ ತಾಯಿಗೆ ಬಿಸಿಲು ತಡೆಯೋದಿಲ್ಲ ಅಂತ ರೈತರ ಮನೆ. ಸೊಲ್ಲಾಪುರ, ಜತ್ತ, ಆದೋನಿ, ರಾಯದುರ್ಗ, ಎಲ್ಲ ಕಡೆಯೂ ಬೇಸಿಗೆ 40 ಡಿಗ್ರಿ ದಾಟುವ ಸೀಮೆ. ಎಸಿ ತಗೊಂಡವರನ್ನು ಶ್ರೀಮಂತಿಕೆ ಅಂತ ಆಡಿಕೊಳ್ಳುವ ಕಾಲ ಹೋಯಿತು.

ಇನ್ನೊಂದು ಕಡೆ, ಆ ಎಸಿ ಕೂಡಿಸುವವರೂ ನಮ್ಮ ಹುಡುಗರೇ. ಐಟಿಐ ಮುಗಿಸಿದವರು, ಮುಗಿಸದವರು, ಸೊಲ್ಲಾಪುರದಲ್ಲೋ ಪುಣೆಯಲ್ಲೋ ಒಬ್ಬ ಉಸ್ತಾದರ ಕೈಕೆಳಗೆ ಎರಡು ಬೇಸಿಗೆ ದುಡಿದು ಊರಿಗೆ ಬಂದವರು. ಬೈಕಿನ ಹಿಂದೆ ಏಣಿ, ಹೆಗಲಿಗೆ ಡ್ರಿಲ್ ಚೀಲ. ಇಲ್ಲಿ ಕುಳಿತವರಲ್ಲೇ ನಾಲ್ಕೈದು ಮಂದಿ ಇದ್ದೀರಿ, ಕಾಣ್ತಾ ಇದೆ. ಹಾಗಾಗಿ ಈ ಮಾತು ಎರಡೂ ಕಡೆಯವರಿಗೆ. ಹೋದ ಬೇಸಿಗೆಯಲ್ಲಿ ನಮ್ಮ ಬ್ಯಾಂಕಿನ ಗೆಳೆಯರ ಮನೆಗಳಲ್ಲಿ ಎಸಿ ಕೂಡಿಸುವಾಗೆಲ್ಲ ನಾವು ಪಕ್ಕದಲ್ಲೇ ನಿಂತು ನೋಡಿದೆವು, ಪೆಟ್ಟಿಗೆಯೊಳಗಿನ ಪುಸ್ತಕ ಓದಿದೆವು, ಐಟಿಐ ಮಾಸ್ತರರನ್ನು ಕಾಡಿ ಕೇಳಿದೆವು. ಒಂದು ಸಂಗತಿ ಸ್ಪಷ್ಟ ಆಯಿತು. ಏಪ್ರಿಲ್ ತಿಂಗಳಲ್ಲಿ ಒಬ್ಬ ಫಿಟ್ಟರ್‌ಗೆ ದಿನಕ್ಕೆ ಐದಾರು ಮನೆ. ಒಂದು ಮನೆಗೆ ಮುಕ್ಕಾಲು ತಾಸು. ಆ ಮುಕ್ಕಾಲು ತಾಸಿನಲ್ಲಿ ಕಣ್ಣಿಗೆ ಕಾಣುವ ಕೆಲಸ ಎಲ್ಲ ಆಗುತ್ತದೆ. ಗೋಡೆ ಮೇಲೆ ಡಬ್ಬಿ ಕೂಡುತ್ತದೆ, ತಂಪು ಗಾಳಿ ಬರುತ್ತದೆ, ಮನೆಯವರು ಚಹಾ ಕೊಡ್ತಾರೆ. ಕಾಣದ ಕೆಲಸ ಮಾತ್ರ ಹಾರಿಹೋಗುತ್ತದೆ. ಪೈಪಿನೊಳಗಿನ ಗಾಳಿ ತೆಗೆಯುವುದು, ಅರ್ತ್ ಇದೆಯೋ ಇಲ್ಲವೋ ನೋಡುವುದು, ಗೋಡೆ ತಡೆಯುತ್ತದೋ ನೋಡುವುದು, ಸೊಂಟಕ್ಕೆ ಬೆಲ್ಟ್ ಕಟ್ಟುವುದು. ಜೀವ ಹೋಗುವುದು ಈ ಕಾಣದ ಕೆಲಸದಲ್ಲಿ.

ಮೊದಲು ಆ ವಸ್ತು ಏನು ಅಂತ ಎರಡು ಮಾತು. ಒಳಗಿನ ಡಬ್ಬಿಯಲ್ಲಿ ದೊಡ್ಡದೇನೂ ಇಲ್ಲ: ತಾಮ್ರದ ಕೊಳವೆ ಸುತ್ತಿದ ಒಂದು ಕಾಯಿಲ್, ಅದರ ಹಿಂದೆ ಉದ್ದನೆಯ ಒಂದು ಫ್ಯಾನು. ಕಾಯಿಲ್ ಒಳಗೆ ಗ್ಯಾಸ್ ಹರಿಯುತ್ತದೆ, ಮೇಲೆ ಕೋಣೆಯ ಗಾಳಿ ಹಾಯುತ್ತದೆ, ಗಾಳಿಯ ಬಿಸಿ ಗ್ಯಾಸಿಗೆ ಹೋಗುತ್ತದೆ. ಆ ಬಿಸಿಯನ್ನು ಹೊತ್ತೊಯ್ದು ಹೊರಗೆ ಚೆಲ್ಲುವುದು ಹೊರಗಿನ ಡಬ್ಬಿ. ಕಂಪ್ರೆಸರ್ ಅಲ್ಲಿರುತ್ತದೆ. 'ಹಾಟ್ ಆ್ಯಂಡ್ ಕೋಲ್ಡ್' ಅಂತ ಬರುವ ಎಸಿಯಲ್ಲಿ ಒಂದು ವಾಲ್ವ್ ತಿರುಗಿ ಇದೇ ಕೆಲಸ ಉಲ್ಟಾ ಆಗುತ್ತದೆ, ಹೊರಗಿನ ಬಿಸಿ ಒಳಗೆ ಬರುತ್ತದೆ. ಟನ್ ಅಂದ್ರೆ ಎಸಿಯ ತೂಕ ಅಲ್ಲ. ಹಿಂದಿನ ಕಾಲದಲ್ಲಿ ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗಲು ಎಷ್ಟು ಬಿಸಿ ಬೇಕೋ ಆ ಲೆಕ್ಕ. ಇವತ್ತಿನ ಲೆಕ್ಕದಲ್ಲಿ ಸುಮಾರು 3.5 ಕಿಲೋವ್ಯಾಟ್.

ಈಗ ಗೋಡೆ. ಎಸಿ ಪುಸ್ತಕದಲ್ಲಿ ಬರೆಯುವ ಚಿತ್ರದಲ್ಲಿ ಗೋಡೆ ಯಾವಾಗಲೂ ಚಂದ ಇರುತ್ತದೆ. ನಮ್ಮ ಅಕ್ಕಲಕೋಟೆ, ಜತ್ತ ಕಡೆಯ ಹಳೇ ಮಾಳಿಗೆ ಮನೆ ಹಾಗಲ್ಲ. ಹೊರಗೆ ಕಲ್ಲು, ನಡುವೆ ಮಣ್ಣು, ಮೇಲೆ ಒಂದು ಇಂಚು ಗಿಲಾವು. ಡ್ರಿಲ್ ಹಾಕಿದರೆ ಮೊದಲು ಗಿಲಾವು, ಆಮೇಲೆ ಬರೀ ಮಣ್ಣು ಉದುರುತ್ತದೆ. ಅಲ್ಲಿ ಪ್ಲಾಸ್ಟಿಕ್ ಗಿಟ್ಟಿ ಹಾಕಿ ಸ್ಕ್ರೂ ಬಿಗಿದರೆ ಅದು ಹಿಡಿದಿರುವುದು ಗಿಲಾವನ್ನು, ಗೋಡೆಯನ್ನಲ್ಲ. ಒಳಗಿನ ಡಬ್ಬಿಯ ತೂಕ ಹತ್ತು ಕಿಲೋ ಆಸುಪಾಸು, ಅದರ ಕೆಳಗೆ ಮಂಚ, ಮಂಚದ ಮೇಲೆ ಕೂಸು. ಇಂಥ ಗೋಡೆಗೆ ಆರಪಾರ ಬೋಲ್ಟ್ ಹಾಕಿ, ಎರಡೂ ಕಡೆ ಕಬ್ಬಿಣದ ಪಟ್ಟಿ ಕೊಟ್ಟು, ಆ ಪಟ್ಟಿಗೆ ಎಸಿಯ ತಗಡನ್ನು ಕೂಡಿಸಬೇಕು. ಇದು ಫಿಟ್ಟರ್ ಕೆಲಸ ಅಲ್ಲ, ಗೌಂಡಿ ಕೆಲಸ. ಹಿಂದಿನ ದಿನವೇ ಮಾಡಿಸಿ ಇಡ್ರಿ. ಕಾಸರಗೋಡಿನ ಗೆಳೆಯರದು ಬೇರೆ ಕಥೆ. ಅಲ್ಲಿಯದು ಕೆಂಪುಕಲ್ಲು, ತೂತುತೂತು. ಕಾಂಕ್ರೀಟಿಗೆ ಅಂತ ಮಾಡಿದ ಆ್ಯಂಕರ್ ಬೋಲ್ಟ್ ಅದರಲ್ಲಿ ಬಿಗಿಯಾದ ಹಾಗೆ ಕಾಣುತ್ತದೆ, ಭಾರ ಬಿದ್ದ ಮೇಲೆ ಕಲ್ಲು ಪುಡಿಯಾಗಿ ಸಡಿಲ ಆಗುತ್ತದೆ. ಅಲ್ಲಿಯೂ ಆರಪಾರ ಬೋಲ್ಟೇ ವಾಸಿ.

ಒಳಗಿನ ಡಬ್ಬಿ ಬಿದ್ದರೆ ಮನೆಯವರಿಗೆ ಪೆಟ್ಟು. ಹೊರಗಿನದು ಬಿದ್ದರೆ ದಾರಿಹೋಕರಿಗೆ. 2024ರ ಆಗಸ್ಟಿನಲ್ಲಿ ದಿಲ್ಲಿಯ ಕರೋಲ್ ಬಾಗ್‌ನಲ್ಲಿ, ಸ್ಕೂಟರ್ ಮೇಲೆ ಕುಳಿತು ಗೆಳೆಯನ ಜೊತೆ ಮಾತಾಡುತ್ತಿದ್ದ ಹದಿನೆಂಟು ವರ್ಷದ ಹುಡುಗನ ತಲೆ ಮೇಲೆ ಮೇಲಿನ ಮಹಡಿಯಿಂದ ಎಸಿಯ ಹೊರಗಿನ ಯೂನಿಟ್ ಬಿತ್ತು. ಹುಡುಗ ಉಳಿಯಲಿಲ್ಲ. ಆ ವಿಡಿಯೊ ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ, ಫಾರ್ವರ್ಡ್ ಕೂಡ ಮಾಡಿದ್ದೀರಿ. ನೋಡಿದ ಮೇಲೆ ನಿಮ್ಮ ಮನೆಯ ಸ್ಟ್ಯಾಂಡಿನ ಬೋಲ್ಟು ಒಂದು ಸಲ ಮುಟ್ಟಿ ನೋಡಿದವರು ಎಷ್ಟು ಮಂದಿ?

ಆ ಯೂನಿಟ್ ತೂಕ 25ರಿಂದ 35 ಕಿಲೋ. ಒಂದು ಚೀಲ ಗೊಬ್ಬರಕ್ಕಿಂತ ಸ್ವಲ್ಪ ಕಡಿಮೆ ಅಂತ ಇಟ್ಟುಕೊಳ್ಳ್ರಿ. ಗೊಬ್ಬರದ ಚೀಲ ನಡುಗೋದಿಲ್ಲ, ಇದು ದಿನಕ್ಕೆ ಹತ್ತು ತಾಸು ನಡುಗುತ್ತಾ ನಿಂತಿರುತ್ತದೆ. ನಡುಗುವುದರಿಂದ ನಟ್ಟು ಸಡಿಲ ಆಗುತ್ತದೆ. ಅದಕ್ಕೇ ಸ್ಪ್ರಿಂಗ್ ವಾಷರ್, ಅದಕ್ಕೇ ಕಾಲಿನ ಕೆಳಗೆ ರಬ್ಬರ್. ನೆಲದ ಮೇಲೆ ಸಿಮೆಂಟ್ ಕಟ್ಟೆ ಮಾಡಿ ಇಡೋಕೆ ಜಾಗ ಇದ್ದರೆ ಅಲ್ಲೇ ಇಡ್ರಿ. ಗೋಡೆಗೆ ನೇತು ಹಾಕಿಸಿದರೆ ಎತ್ತರಕ್ಕೆ ಚಂದ ಕಾಣುತ್ತದೆ ಅನ್ನುವ ಮಾತು ನಮಗೆ ಇನ್ನೂ ತಿಳಿದಿಲ್ಲ. ಸಮುದ್ರದ ಕಡೆಯವರು, ಅಂದ್ರೆ ಕಾಸರಗೋಡು, ಗೋವಾದವರು, ಸ್ಟ್ಯಾಂಡನ್ನು ವರ್ಷಕ್ಕೊಮ್ಮೆ ನೋಡಲೇಬೇಕು. ಉಪ್ಪುಗಾಳಿಗೆ ಕಬ್ಬಿಣ ಒಳಗಿನಿಂದ ತಿಂದುಹೋಗುತ್ತದೆ, ಮೇಲಿನ ಬಣ್ಣ ಹಾಗೇ ಇರುತ್ತದೆ. ರಾಯದುರ್ಗದಲ್ಲಿ ಮನೆಮನೆಗೆ ಜೀನ್ಸ್ ಹೊಲಿಗೆ, ಆದೋನಿಯಲ್ಲಿ ಹತ್ತಿ. ಆ ನೂಲಿನ ಧೂಳು ಹಾರುವ ಕಡೆ ಹೊರಗಿನ ಯೂನಿಟ್ ಇಟ್ಟರೆ ಕಾಯಿಲ್ ಮೇಲೆ ಕಂಬಳಿ ಹೊದಿಸಿದ ಹಾಗೆ ಆಗುತ್ತದೆ, ಬಿಸಿ ಹೊರಗೆ ಹೋಗೋದಿಲ್ಲ, ಕಂಪ್ರೆಸರ್ ಕುದಿಯುತ್ತದೆ.

ಅದನ್ನು ಮೇಲೆ ಏರಿಸುವ ಹುಡುಗ. ಎರಡನೇ ಮಹಡಿಯ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು, ಇನ್ನೊಂದು ಕೈಯಲ್ಲಿ ಪಾನಾ ತಿರುಗಿಸುವುದನ್ನು ನಾವೆಲ್ಲ ಕೆಳಗೆ ನಿಂತು ನೋಡಿದವರೇ. 'ಅವನಿಗೆ ರೂಢಿ ಐತಿ ಬಿಡ್ರಿ' ಅಂತ ಅಂದವರೇ. ರೂಢಿ ಇದ್ದವರೇ ಬೀಳೋದು, ರೂಢಿ ಇಲ್ಲದವ ಮೇಲೆ ಹತ್ತೋದಿಲ್ಲ. ಐಎಸ್ 3521 ಅಂತ ಗುರುತು ಇರುವ ಮೈಪೂರ್ತಿ ಹಾರ್ನೆಸ್ ಸಿಗುತ್ತದೆ, ಒಂದು ಸಾಧಾರಣ ಮೊಬೈಲಿಗಿಂತ ಬಹಳ ಅಗ್ಗ. ಸೊಂಟಕ್ಕೆ ಕಟ್ಟುವ ಹಗ್ಗ ಬ್ಯಾಡ. ಬಿದ್ದಾಗ ಅದು ಬೆನ್ನು ಮುರಿಯುತ್ತದೆ. ಹಗ್ಗದ ಇನ್ನೊಂದು ತುದಿ ಕಿಟಕಿ ಗ್ರಿಲ್ಲಿಗೆ ಅಲ್ಲ, ಕಾಲಂಗೋ ಮಾಳಿಗೆ ಮೇಲಿನ ಗಟ್ಟಿ ಕಂಬಕ್ಕೋ. ಯೂನಿಟ್ಟನ್ನು ಎತ್ತಲು ಬೇರೆ ಹಗ್ಗ, ಮನುಷ್ಯನಿಗೆ ಬೇರೆ ಹಗ್ಗ. ಕೆಳಗೆ ಒಬ್ಬರು ನಿಂತು ದಾರಿ ತಡೆಯಬೇಕು. ಎಸಿ ಕೊಂಡವರು ಕೇಳಬೇಕಾದ ಮೊದಲ ಪ್ರಶ್ನೆ, 'ಬೆಲ್ಟ್ ತಂದೀಯೇನಪಾ?' ಇಲ್ಲ ಅಂದರೆ 'ನಾಳೆ ಬಾ, ಒಂದು ದಿನ ಸೆಕೆ ತಡಕೋತೇವೆ' ಅನ್ರಿ.

ಕರೆಂಟಿಗೆ ಬರೋಣ. ಇಲ್ಲಿ ಸ್ವಲ್ಪ ಲೆಕ್ಕ ಇದೆ, ನಮಗೆ ಹಿಡಿಸಿದ ಭಾಗ. ಒಂದೂವರೆ ಟನ್ ಎಸಿ ಪೂರ್ತಿ ಓಡುವಾಗ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. 230 ವೋಲ್ಟಿಗೆ ಏಳೆಂಟು ಆಂಪಿಯರ್. ನಮ್ಮ ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ ಇಳಿದಾಗ ಅದು ಇನ್ನೂ ಏರಬಹುದು. ಟಿವಿಗೆ ಹಾಕುವ ಸಣ್ಣ ಪಿನ್ನಿನ ಬೋರ್ಡಿಗೆ ಇದನ್ನು ಜೋಡಿಸಿದರೆ ಒಂದು ವಾರ ನಡೆಯುತ್ತದೆ, ಎರಡನೇ ವಾರ ಪ್ಲಗ್ಗು ಹಳದಿಯಾಗುತ್ತದೆ, ಆಮೇಲೆ ವಾಸನೆ. ಎಸಿಗೆ ಮೀಟರ್ ಬೋರ್ಡಿನಿಂದ ಅದರದೇ ಸ್ವಂತ ಲೈನು ಬೇಕು. ತಾಮ್ರದ ವೈರು ಕನಿಷ್ಠ 2.5 ಸ್ಕ್ವೇರ್ ಎಂಎಂ, ದೂರ ಇದ್ದರೆ 4. ನಡುವೆ ಎಲ್ಲೂ ಗಂಟು ಹಾಕಿ ಟೇಪ್ ಸುತ್ತಬಾರದು. ಬೇರೆ ಎಂಸಿಬಿ. ಆ ಎಂಸಿಬಿ ಪದೇಪದೇ ಬೀಳುತ್ತದೆ ಅಂತ ಅದನ್ನು ತೆಗೆದು 32 ಆಂಪಿಯರಿನದು ಹಾಕಿಸುವ ಪುಣ್ಯಾತ್ಮರಿದ್ದಾರೆ. ಎಂಸಿಬಿ ಇರೋದು ವೈರ್ ಕಾಯಲು. ಸಣ್ಣ ವೈರಿಗೆ ದೊಡ್ಡ ಎಂಸಿಬಿ ಹಾಕಿದರೆ ವೈರು ಸುಟ್ಟರೂ ಕಾವಲುಗಾರ ಎದ್ದೇಳೋದಿಲ್ಲ.

ಎಂಸಿಬಿ ವೈರನ್ನು ಕಾಯುತ್ತದೆ ಅಂದೆವು. ಮನುಷ್ಯನನ್ನು ಕಾಯೋದಿಲ್ಲ. ಇದನ್ನು ಗಟ್ಟಿಯಾಗಿ ಹೇಳ್ತೇವೆ ಕೇಳ್ರಿ, ಓದಿದವರಿಗೂ ಇದು ಗೊತ್ತಿರೋದಿಲ್ಲ. 16 ಆಂಪಿಯರ್ ದಾಟಿದರೆ ಬೀಳುವ ಸ್ವಿಚ್ ಅದು. ಮನುಷ್ಯ ಸಾಯೋಕೆ ಒಂದು ಆಂಪಿಯರಿನ ಸಣ್ಣ ಚೂರು ಸಾಕು. ಮನುಷ್ಯನಿಗಾಗಿ ಇರುವುದು ಆರ್‌ಸಿಸಿಬಿ. 30 ಮಿಲಿ ಆಂಪಿಯರ್ ಅಂತ ಬರೆದಿರುವುದನ್ನು ಹಾಕಿಸಬೇಕು. ಎಂಸಿಬಿ ಕಾಯುವ ಅಳತೆಗಿಂತ ಐನೂರು ಪಟ್ಟು ಸಣ್ಣ ಸೋರಿಕೆಗೂ ಅದು ಬೀಳುತ್ತದೆ. ಅದರ ಮೇಲೆ 'ಟಿ' ಅಂತ ಒಂದು ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡ್ರಿ, ಬಿದ್ದರೆ ಜೀವಂತ ಇದೆ ಅಂತ.

ಇನ್ನು ಅರ್ತ್. ಹಳೇ ಮನೆಗಳ ಬೋರ್ಡಿನಲ್ಲಿ ಮೂರನೇ ತೂತು ಇರುತ್ತದೆ, ಅದರ ಹಿಂದೆ ವೈರು ಇರೋದಿಲ್ಲ. ಕೆಲವರು ಆ ತೂತನ್ನು ನ್ಯೂಟ್ರಲ್‌ಗೆ ಜೋಡಿಸಿ 'ಅರ್ತ್ ಆಯ್ತು' ಅಂತಾರೆ. ಇದಕ್ಕಿಂತ ಅರ್ತ್ ಇಲ್ಲದಿರುವುದೇ ಮೇಲು ಅನ್ನುವಷ್ಟು ಅಪಾಯ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಎಸಿಯ ಮೈಯೆಲ್ಲ ಕರೆಂಟು. ಗುಂಡಿ ತೆಗೆದು, ಕೊಳವೆ ಇಲ್ಲವೆ ತಗಡು ಹೂತು ಮಾಡಿದ ನಿಜವಾದ ಅರ್ತೇ ಬೇಕು. ನಮ್ಮದು ಎರೆ ಮಣ್ಣು. ಮಳೆಗಾಲದಲ್ಲಿ ಹಸಿ ಇದ್ದಾಗ ಅರ್ತ್ ಬಹಳ ಒಳ್ಳೇದು. ಏಪ್ರಿಲ್‌ನಲ್ಲಿ ಅದೇ ಮಣ್ಣು ಅಂಗೈ ಅಗಲ ಬಿರುಕು ಬಿಟ್ಟು ಕೊಳವೆಯಿಂದ ದೂರ ಸರಿಯುತ್ತದೆ. ಅಂದ್ರೆ ಎಸಿ ಹಗಲೂ ರಾತ್ರಿ ಓಡುವ ತಿಂಗಳಲ್ಲೇ ಅರ್ತ್ ಸೋಲುತ್ತದೆ. ವಾರಕ್ಕೆರಡು ಸಲ ಆ ಗುಂಡಿಗೆ ಒಂದು ಕೊಡ ನೀರು ಹಾಕ್ರಿ. ನಮ್ಮ ಅಜ್ಜಂದಿರು ತುಳಸಿಗೆ ಹಾಕುತ್ತಿದ್ದರು, ನಾವು ಇದಕ್ಕೂ ಹಾಕೋಣ. ವರ್ಷಕ್ಕೊಮ್ಮೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಅರ್ತ್ ಟೆಸ್ಟರ್ ಇಟ್ಟು ಅಳೆಸಬೇಕು. ಮಹಾವಿತರಣದ ಬಿಲ್ಲಿನ ಮೇಲೆ ನಿಮಗೆ ಮಂಜೂರಾದ ಲೋಡ್ ಎಷ್ಟು ಅಂತ ಬರೆದಿರುತ್ತದೆ. ಅದನ್ನೂ ಎಸಿ ಕೊಳ್ಳುವ ಮುಂಚೆ ನೋಡ್ರಿ, ಸಾಲದಿದ್ದರೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳ್ರಿ.

ಫಿಟ್ಟರ್ ಹುಡುಗರಿಗೆ ಒಂದು ಮಾತು. ಎಂಸಿಬಿ ಆಫ್ ಮಾಡಿದ ಕೂಡಲೇ ಹೊರಗಿನ ಯೂನಿಟ್ ಮುಚ್ಚಳ ಬಿಚ್ಚಿ ಕೈ ಹಾಕಬ್ಯಾಡ್ರಿ. ಕೆಪಾಸಿಟರ್ ಒಳಗೆ ಕರೆಂಟು ಕೂತಿರುತ್ತದೆ. ಇನ್ವರ್ಟರ್ ಎಸಿಯ ಬೋರ್ಡಿನಲ್ಲಂತೂ ಇನ್ನೂ ಹೆಚ್ಚು. ಪುಸ್ತಕದಲ್ಲಿ ಹೇಳಿದಷ್ಟು ನಿಮಿಷ ಕಾಯ್ದು, ಮೀಟರ್ ಹಚ್ಚಿ ಸೊನ್ನೆ ಬಂದ ಮೇಲೆ ಮುಟ್ರಿ. ಇನ್ನೊಂದು, ಎಂಸಿಬಿ ಆಫ್ ಮಾಡಿ ನೀವು ಮಾಳಿಗೆ ಮೇಲಿದ್ದಾಗ ಕೆಳಗೆ ಯಾರೋ 'ಲೈಟ್ ಹೋಯ್ತು' ಅಂತ ಆನ್ ಮಾಡ್ತಾರೆ. ಅಲ್ಲಿ ಒಂದು ಚೀಟಿ ಅಂಟಿಸಿ, ಇಲ್ಲವೆ ಒಬ್ಬರನ್ನು ನಿಲ್ಲಿಸಿ ಹೋಗ್ರಿ.

ಈಗ ಗ್ಯಾಸು. ನಮಗೆ ಎಲ್ಲಕ್ಕಿಂತ ಹೆಚ್ಚು ಹೇಳಬೇಕಿರೋದು ಇದು.

ಹಳೇ ಎಸಿಗಳಲ್ಲಿ ಇದ್ದ ಆರ್-22 ಗ್ಯಾಸು ಹೊತ್ತಿಕೊಳ್ಳುವಂಥದಲ್ಲ. ಅದು ಓಜೋನ್ ಪದರ ತಿನ್ನುತ್ತದೆ ಅಂತ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಂತಹಂತವಾಗಿ ಹೋಗುತ್ತಿದೆ. ಈಗ ಬರುವ ಮನೆ ಎಸಿಗಳಲ್ಲಿ ಹೆಚ್ಚಿನವು ಆರ್-32. ಕೆಲವು ಆರ್-290, ಅಂದ್ರೆ ಪ್ರೊಪೇನ್, ನಮ್ಮ ಅಡುಗೆ ಸಿಲಿಂಡರಿನ ಗ್ಯಾಸಿನ ಸೋದರ. ಆರ್-32 ನಿಧಾನಕ್ಕೆ ಹೊತ್ತಿಕೊಳ್ಳುವ ಗ್ಯಾಸು, ಆರ್-290 ಭಗ್ಗನೆ ಹೊತ್ತುವ ಗ್ಯಾಸು. ಎರಡೂ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಕೂಡುತ್ತವೆ. ಉಸ್ತಾದರು ಆರ್-22 ಕಾಲದಲ್ಲಿ ಕಲಿತ ಕೈ. ಆ ಕೈ ಬೀಡಿ ಸೇದುತ್ತಲೇ ಗ್ಯಾಸ್ ಬಿಟ್ಟದ್ದು. ಆ ಕೈಯಿಂದ ಕಲಿತ ಹುಡುಗರು ಅದೇ ಕೆಲಸ ಇವತ್ತಿನ ಗ್ಯಾಸಿನ ಮೇಲೆ ಮಾಡ್ತಾ ಇದ್ದಾರೆ. ಇದೇ ನಮ್ಮ ಭಯ.

ಪೈಪ್ ಜೋಡಿಸಿದ ಮೇಲೆ ಒಳಗೆ ಊರಿನ ಗಾಳಿ ತುಂಬಿರುತ್ತದೆ, ಗಾಳಿಯಲ್ಲಿ ತೇವ ಇರುತ್ತದೆ. ಅದನ್ನು ತೆಗೆಯಲೇಬೇಕು. ತೆಗೆಯದಿದ್ದರೆ ತೇವ ಕಂಪ್ರೆಸರ್ ಎಣ್ಣೆ ಜೊತೆ ಸೇರಿ ಆಮ್ಲ ಆಗಿ ಒಳಗಿನ ಮೋಟರ್ ಸುಡುತ್ತದೆ. ತೆಗೆಯಲು ಎರಡು ದಾರಿ. ಒಂದು ಕಳ್ಳದಾರಿ: ನಟ್ಟು ಅರ್ಧ ಸಡಿಲಿಸಿ, ಯೂನಿಟ್ಟಿನದೇ ಗ್ಯಾಸನ್ನು 'ಪುಸ್' ಅಂತ ಐದು ಸೆಕೆಂಡ್ ಬಿಟ್ಟು, ಗಾಳಿ ಹೋಯಿತು ಅಂತ ಮತ್ತೆ ಬಿಗಿಯುವುದು. ಗಾಳಿ ಪೂರ್ತಿ ಹೋಗೋದಿಲ್ಲ, ತೇವ ಹೋಗೋದೇ ಇಲ್ಲ, ನಿಮ್ಮ ದುಡ್ಡಿನ ಗ್ಯಾಸ್ ಕಡಿಮೆ ಆಯಿತು, ಮತ್ತೆ ಹೊತ್ತಿಕೊಳ್ಳುವ ಗ್ಯಾಸನ್ನು ಮನುಷ್ಯನ ಮುಖದ ಮುಂದೆ ಬಿಟ್ಟ ಹಾಗೆ ಆಯಿತು. ಸರಿದಾರಿ ವ್ಯಾಕ್ಯೂಮ್ ಪಂಪ್. ಊಟಿಯಲ್ಲಿ ನೀರು ನೂರು ಡಿಗ್ರಿಗೆ ಮುಂಚೆಯೇ ಕುದಿಯುತ್ತದೆ, ಮೇಲೆ ಗಾಳಿಯ ಒತ್ತಡ ಕಡಿಮೆ ಅಂತ ಶಾಲೆಯಲ್ಲಿ ಓದಿದ್ದೀರಿ. ನೀಲಗಿರಿಯ ಗೆಳೆಯರು ದಿನಾ ಅನ್ನಕ್ಕಿಡುವಾಗ ನೋಡಿರುತ್ತೀರಿ. ಒತ್ತಡವನ್ನು ಇನ್ನೂ ಇಳಿಸುತ್ತಾ ಸೊನ್ನೆಯ ಹತ್ತಿರ ತಂದರೆ ನೀರು ಕೋಣೆಯ ಬಿಸಿಗೇ ಕುದಿದು ಆವಿಯಾಗಿ ಹೊರಗೆ ಬರುತ್ತದೆ. ಪಂಪ್ ಮಾಡೋದು ಅಷ್ಟೇ. ಅದಕ್ಕೆ ಹೊತ್ತು ಬೇಕು. ಕನಿಷ್ಠ ಹದಿನೈದು ಇಪ್ಪತ್ತು ನಿಮಿಷ ಪಂಪ್ ಓಡಬೇಕು. ಆಮೇಲೆ ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, ಹತ್ತು ನಿಮಿಷ ಗೇಜಿನ ಮುಳ್ಳು ನೋಡುತ್ತಾ ಕೂಡಬೇಕು. ಮುಳ್ಳು ಮೇಲೆ ಏರಿದರೆ ಎಲ್ಲೋ ಸೋರುತ್ತಿದೆ. ಏರದಿದ್ದರೆ ಮಾತ್ರ ಗ್ಯಾಸಿನ ವಾಲ್ವ್ ತೆಗೆಯಬೇಕು. ಮುಕ್ಕಾಲು ತಾಸಿನ ಕೆಲಸದಲ್ಲಿ ಈ ಅರ್ಧ ತಾಸು ಎಲ್ಲಿ ಹಿಡಿಯುತ್ತದೆ ನೀವೇ ಲೆಕ್ಕ ಹಾಕ್ರಿ.

ಫಿಟ್ಟರ್ ಮನೆಗೆ ಬಂದಾಗ ಅವನ ಚೀಲದಲ್ಲಿ ಪಂಪ್ ಇದೆಯಾ ನೋಡ್ರಿ. ಇಲ್ಲದಿದ್ದರೆ ಚಹಾ ಕೊಟ್ಟು ಕಳಿಸಿ, ಪಂಪ್ ತರಲಿ. ಕಂಪ್ರೆಸರ್‌ಗೆ ಹತ್ತು ವರ್ಷ ವಾರಂಟಿ ಅಂತ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಕೂಡಿಸಿದ್ದು ಸರಿ ಇಲ್ಲದಿದ್ದರೆ ಅನ್ವಯ ಇಲ್ಲ ಅಂತ ಒಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ಸಣ್ಣ ಅಕ್ಷರ ಓದೋದು ನಮ್ಮ ಉದ್ಯೋಗ, ಅದಕ್ಕೆ ಹೇಳಿದೆವು.

ಸೋರಿಕೆ ನೋಡಲು ಪೈಪಿಗೆ ಒತ್ತಡ ತುಂಬುವಾಗ ಒಣ ನೈಟ್ರೋಜನ್ ಮಾತ್ರ. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್ ಹತ್ತಿರ ಸಿಗುತ್ತದೆ ಅಂತ ತರಬ್ಯಾಡ್ರಿ. ಆಕ್ಸಿಜನ್ನೂ ಎಣ್ಣೆಯೂ ಒತ್ತಡದಲ್ಲಿ ಸೇರಿದರೆ ಸಿಡಿಯುತ್ತದೆ. ಗ್ಯಾಸ್ ಇರುವ ಪೈಪಿಗೆ ಬೆಂಕಿ ಹಚ್ಚಿ ಬೆಸುಗೆ ಹಾಕಬಾರದು. ಆರ್-32 ಸುಟ್ಟರೆ ಹೈಡ್ರೋಜನ್ ಫ್ಲೋರೈಡ್ ಅನ್ನುವ ವಿಷಗಾಳಿ ಹುಟ್ಟುತ್ತದೆ, ಶ್ವಾಸಕೋಶಕ್ಕೆ ಹೋದರೆ ಸುಡುತ್ತದೆ. ಕೆಲಸ ನಡೆಯುವಾಗ ಕಿಟಕಿ ಬಾಗಿಲು ತೆಗೆದಿರಬೇಕು. ಹೊಸ ವಸ್ತು ಮನೆಗೆ ಬಂತು ಅಂತ ಊದಿನಕಡ್ಡಿ, ಕರ್ಪೂರ ಹಚ್ಚುವವರು ಫಿಟ್ಟರ್ ಹೊರಟ ಮೇಲೆ ಹಚ್ರಿ, ದೇವರು ಕಾಯುತ್ತಾನೆ. ಬೇಸಿಗೆಯ ಬಿಸಿಲಿನಲ್ಲಿ ನಿಂತ ಆರ್-32 ಗ್ಯಾಸಿನ ಒತ್ತಡ 300 ಪಿಎಸ್‌ಐ ದಾಟುತ್ತದೆ. ಬೈಕಿನ ಟೈರಿಗೆ ನಾವು ಹಾಕಿಸೋದು 30ರ ಆಸುಪಾಸು. ಹತ್ತು ಪಟ್ಟು. ಆರ್-22ರ ಹಳೇ ಗೇಜು, ಹಳೇ ಪೈಪು ಅದಕ್ಕೆ ಸಾಲೋದಿಲ್ಲ.

ಇನ್ನು ಬಾಡಿಗೆ ಮನೆ ಬದಲಿಸುವಾಗ ಎಸಿ ಬಿಚ್ಚುವುದು. ಕೂಡಿಸುವುದಕ್ಕಿಂತ ಇದು ಅಪಾಯ. ಬಿಚ್ಚುವ ಮುಂಚೆ ಗ್ಯಾಸನ್ನೆಲ್ಲ ಹೊರಗಿನ ಯೂನಿಟ್ಟಿಗೆ ಎಳೆದುಕೊಳ್ಳುತ್ತಾರೆ, ಪಂಪ್‌ಡೌನ್ ಅಂತಾರೆ. ಸಣ್ಣ ಪೈಪಿನ ವಾಲ್ವ್ ಮುಚ್ಚಿ, ಎಸಿ ಕೂಲಿಂಗ್‌ನಲ್ಲಿ ಓಡಿಸಿ, ಗ್ಯಾಸ್ ಎಲ್ಲ ಒಳಗೆ ಬಂದ ಕೂಡಲೇ ದೊಡ್ಡ ಪೈಪಿನ ವಾಲ್ವ್ ಮುಚ್ಚಿ, ಕಂಪ್ರೆಸರ್ ನಿಲ್ಲಿಸಿ, ಆಮೇಲೆ ಪೈಪ್ ಬಿಚ್ಚಬೇಕು. ಅವಸರದಲ್ಲಿ ಕಂಪ್ರೆಸರ್ ಓಡುತ್ತಿರುವಾಗಲೇ ಪೈಪ್ ಸಡಿಲಿಸಿದರೆ ಅದು ಹೊರಗಿನ ಗಾಳಿಯನ್ನು ಎಳೆಯುತ್ತದೆ. ಟ್ರ್ಯಾಕ್ಟರ್ ಓಡಿಸುವವರಿಗೆ ಮುಂದಿನದು ಹೇಳೋದೇ ಬ್ಯಾಡ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ, ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿದಾಗ ಎಣ್ಣೆ ತಾನೇ ಹೊತ್ತುತ್ತದೆ. ಇಲ್ಲಿಯೂ ಗಾಳಿ ಇದೆ, ಎಣ್ಣೆ ಇದೆ, ಒತ್ತಡ ಇದೆ. ಕಂಪ್ರೆಸರ್ ಬಾಂಬಿನ ಹಾಗೆ ಒಡೆಯುತ್ತದೆ, ಮತ್ತೆ ಫಿಟ್ಟರ್ ಮುಖ ಅದರಿಂದ ಒಂದು ಮೊಳ ದೂರ ಇರುತ್ತದೆ. ಸಾಮಾನು ಸಾಗಿಸುವ ಟೆಂಪೊದವನ ಕೈಲಿ, ಪಕ್ಕದ ಮನೆಯ ಜಾಣನ ಕೈಲಿ ಎಸಿ ಬಿಚ್ಚಿಸಬ್ಯಾಡ್ರಿ.

ನೀರಿನ ಪೈಪು ಹೊರಗಡೆಗೆ ಇಳಿಜಾರು ಇರಬೇಕು, ನಡುವೆ ಏರಿ ಇಳಿಯಬಾರದು, ಅದರ ನೀರು ಸ್ವಿಚ್ ಬೋರ್ಡಿನ ಮೇಲೆ ಬೀಳುವಂತಿರಬಾರದು. ಇದರಲ್ಲಿ ಇಷ್ಟೇ.

ಒಂದು ಅಡ್ಡ ಮಾತು. ನಮ್ಮ ಕೈಗೆ ಬಂದ ಪುಸ್ತಕಗಳಲ್ಲಿ ಇಂಗ್ಲಿಷ್ ಇತ್ತು, ಹಿಂದಿ ಇತ್ತು. ಅಂಗಡಿಯವರು ಮರಾಠಿಯಲ್ಲಿ ಹೇಳಿದರು. ಮನೆಯೊಳಗೆ ಆ ಎಸಿ ಜೊತೆ ಇರುವ ಅವ್ವನಿಗೆ ಬರೋದು ಕನ್ನಡ ಒಂದೇ. ಎಚ್ಚರಿಕೆಯ ಚೀಟಿ ಅವಳಿಗೆ ಓದಲು ಬರದಿದ್ದರೆ ಯಾರಿಗಾಗಿ ಅಂಟಿಸಿದ್ದು? ಹಾಗಾಗಿ ನಾವು ಒಂದು ಕೆಲಸ ಮಾಡಿದೆವು. ಅರ್ಧ ಹಾಳೆಯಲ್ಲಿ ದೊಡ್ಡ ಕನ್ನಡ ಅಕ್ಷರದಲ್ಲಿ ನಾಲ್ಕು ಸಾಲು ಬರೆದು ಎಸಿ ಸ್ವಿಚ್ಚಿನ ಪಕ್ಕ ಅಂಟಿಸಿದೆವು: ಸುಟ್ಟ ವಾಸನೆ ಬಂದರೆ ಈ ಸ್ವಿಚ್ ಇಳಿಸು. ಮುಟ್ಟಿದರೆ ಜುಮ್ ಅಂದರೆ ಈ ಸ್ವಿಚ್ ಇಳಿಸು. 'ಸುಯ್' ಅಂತ ಸದ್ದು ಬಂದು ತಂಪು ನಿಂತರೆ ಕಿಟಕಿ ತೆಗೆ, ಒಲೆ ಹಚ್ಚಬೇಡ, ಯಾವ ಸ್ವಿಚ್ಚೂ ಮುಟ್ಟದೆ ಹೊರಗೆ ಬಾ. ಗುಡುಗು ಮಿಂಚು ಇದ್ದರೆ ಎಸಿ ಹಚ್ಚಬೇಡ. ಕಡೇ ಸಾಲನ್ನು ಕಾಸರಗೋಡಿನವರು ಎರಡು ಸಲ ಬರೆದುಕೊಳ್ಳ್ರಿ, ನಿಮ್ಮ ಕಡೆಯ ಸಿಡಿಲು ನಮಗೆ ಗೊತ್ತು. ನಿಮ್ಮ ಮನೆಗೂ ಬರೆದು ಅಂಟಿಸ್ರಿ.

ನೀಲಗಿರಿಯ ತಮ್ಮ ಒಬ್ಬರು ಕೇಳಿದ್ದರು, ನಮಗೆ ತಂಪು ಬ್ಯಾಡ, ಬಿಸಿ ಬೇಕು, ಹಾಟ್ ಆ್ಯಂಡ್ ಕೋಲ್ಡ್ ಎಸಿ ಆಗುತ್ತದಾ ಅಂತ. ಆಗುತ್ತದೆ. ಕೂಡಿಸುವ ಎಚ್ಚರಿಕೆ ಎಲ್ಲ ಇವೇ. ದುಡ್ಡಿನ ಮಾತು ಬೇರೆ, ಆದರೆ ಒಂದು ವಿಷಯದಲ್ಲಿ ಅದು ಇದ್ದಿಲಿನ ಅಗ್ಗಿಷ್ಟಿಕೆಗಿಂತ ಎಷ್ಟೋ ಮೇಲು. ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವರು ಏಳೋದಿಲ್ಲ. ಎಸಿ ಬೆಂಕಿ ಉರಿಸೋದಿಲ್ಲ, ಆ ಗಾಳಿ ಹುಟ್ಟೋದಿಲ್ಲ. ಆದರೆ ಸ್ಪ್ಲಿಟ್ ಎಸಿ ಹೊರಗಿನ ಹೊಸ ಗಾಳಿಯನ್ನೂ ತರೋದಿಲ್ಲ, ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ. ಎಸಿ ಇದೆ ಅಂತ ಅದರ ಕೋಣೆಯಲ್ಲಿ ಗ್ಯಾಸ್ ಒಲೆ, ಕೆಂಡ ಇಡೋದು ಮಾತ್ರ ಬ್ಯಾಡ.

ಕಡೆಯದಾಗಿ ನಮ್ಮ ಕೌಂಟರಿನ ಮಾತು, ಫಿಟ್ಟರ್ ಹುಡುಗರಿಗೆ. ನಿಮ್ಮಲ್ಲಿ ಬಹಳ ಮಂದಿಗೆ ಒಂದು ಫಿಟಿಂಗಿಗೆ ಇಷ್ಟು ಅಂತ ಕೂಲಿ. ಪಗಾರ ಚೀಟಿ ಇಲ್ಲ, ಪಿಎಫ್ ಇಲ್ಲ. ಬಿದ್ದರೆ ಯಾರೂ ಇಲ್ಲ. ಎರಡು ವರ್ಷದ ಹಿಂದೆ ಒಬ್ಬ ತಾಯಿ ಮಗನ ಪಾಸ್‌ಬುಕ್ ತಂದು ಕೌಂಟರಿನ ಮೇಲಿಟ್ಟರು. ಮಗ ಮೂರನೇ ಮಹಡಿಯಿಂದ ಬಿದ್ದಿದ್ದ. ಅಪಘಾತ ವಿಮೆಗೆ ಅವನು ಸಹಿ ಮಾಡಿದ್ದ, ಮೊದಲ ವರ್ಷ ದುಡ್ಡು ಕಟ್ ಆಗಿತ್ತು. ಆ ವರ್ಷದ ಮೇ ಕೊನೆಗೆ ಖಾತೆಯಲ್ಲಿ ಇದ್ದದ್ದು 11 ರೂಪಾಯಿ. 20 ರೂಪಾಯಿ ಕಟ್ ಆಗಲಿಲ್ಲ, ವಿಮೆ ನಿಂತಿತ್ತು. ನಾವು ಪುಟ ತಿರುಗಿಸಿ ತಿರುಗಿಸಿ ನೋಡಿದೆವು. ಆ ತಾಯಿಗೆ ಕನ್ನಡದಲ್ಲೇ ಹೇಳಬೇಕಾಯಿತು.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ವರ್ಷಕ್ಕೆ 20 ರೂಪಾಯಿ. 18ರಿಂದ 70 ವಯಸ್ಸಿನವರಿಗೆ. ಅಪಘಾತದಲ್ಲಿ ತೀರಿಕೊಂಡರೆ ಇಲ್ಲವೆ ಎರಡೂ ಕಣ್ಣು, ಎರಡೂ ಕೈ ಹೋದಂಥ ಪೂರ್ತಿ ಊನ ಆದರೆ 2 ಲಕ್ಷ, ಒಂದು ಕಣ್ಣು, ಒಂದು ಕೈ ಇಲ್ಲವೆ ಒಂದು ಕಾಲು ಹೋದರೆ 1 ಲಕ್ಷ. ಜೂನ್ 1ರಿಂದ ಮುಂದಿನ ಮೇ 31ರ ತನಕ ಒಂದು ವರ್ಷ. ಅದರ ಜೊತೆ ಜೀವನ್ ಜ್ಯೋತಿ ಇದೆ, 18ರಿಂದ 50ರವರಿಗೆ, ವರ್ಷಕ್ಕೆ 436 ರೂಪಾಯಿ, ಸಾವು ಯಾವ ಕಾರಣಕ್ಕೆ ಆದರೂ 2 ಲಕ್ಷ. ಮೇ ತಿಂಗಳ ಕೊನೆಯ ವಾರ ಖಾತೆಯಲ್ಲಿ 500 ರೂಪಾಯಿ ಬಿಟ್ಟಿರ್ರಿ. ಅದೇ ನಿಮ್ಮ ಸೀಸನ್ನು, ದುಡ್ಡು ಬಂದಿರುತ್ತದೆ, ಎಲ್ಲ ಫೋನ್‌ಪೇಯಿಂದ ಖಾಲಿ ಮಾಡಿರುತ್ತೀರಿ. ನಾಮಿನಿ ಹೆಸರು ಖಾಲಿ ಬಿಡಬ್ಯಾಡ್ರಿ. ಮದುವೆ ಆದವರು ಬದಲಿಸಿದ್ದೀರಾ ನೋಡ್ರಿ. ಪಾಲಿಸಿ ಇದೆ ಅನ್ನೋದು ಮನೆಯವರಿಗೆ ಗೊತ್ತಿರಲಿ. ಎಷ್ಟೋ ಮನೆಯವರು ವಿಷಯ ಗೊತ್ತಿಲ್ಲದೆ ಕೇಳೋಕೇ ಬರೋದಿಲ್ಲ.

ಫಾರಂ ಯಾವ ಬ್ಯಾಂಕಿನಲ್ಲೂ ಸಿಗುತ್ತದೆ. ಇವತ್ತು ನಾವು ಮೂವತ್ತು ತಂದಿದ್ದೇವೆ, ಆ ಟೇಬಲ್ ಮೇಲಿವೆ. ತುಂಬೋಕೆ ಗೊತ್ತಾಗದಿದ್ದರೆ ಊಟದ ಹೊತ್ತಿಗೆ ಇಲ್ಲೇ ಇರ್ತೇವೆ, ಪಾಸ್‌ಬುಕ್ ತಂದವರು ಬರ್ರಿ.